ತಿರುಗಿಸಿಟ್ಟ ವಾಲ್ವ್

“ಮನೆಗೆ ಹೋಗು ಅಂತ ಹೇಳಿ ಕಳಿಸಿದ್ನಲ್ಲ, ಮತ್ತೆ ಯಾಕೆ ಬಂದೆ?”

ಪೊಲೀಸ್ ಠಾಣೆಯ ಹಿಂದಿನ ಕಿಟಕಿಯ ಸರಳುಗಳ ಆಚೆ ಅಪ್ಪ ಬೆಂಚಿನ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು. ಬಲಗೈಯನ್ನು ತೊಡೆಯ ಕೆಳಗೆ ಒತ್ತಿ ಹಿಡಿದಿದ್ದ. ಅದು ನಡುಗುವುದು ಯಾರ ಕಣ್ಣಿಗೂ ಬೀಳದಿರಲಿ ಎಂದು ಎಂಟು ತಿಂಗಳಿಂದ ಅವನು ಹೂಡುತ್ತಿದ್ದ ಉಪಾಯ ಅದು.

“ನಿನ್ನೆ ಸಂಜೆಯಿಂದ ಸುಳ್ಳು ಹೇಳ್ತಾ ಕೂತಿರೋ ಮೇಸ್ತ್ರಿ ಹೇಗಿರ್ತಾರೆ ಅಂತ ನೋಡೋಕೆ ಬಂದೆ,” ಎಂದಳು ಗುಸುಕಿ.

ಮಾತಾಡದೆ ಮೂಲೆಯಲ್ಲಿ ಕೂತು ಎಲ್ಲರನ್ನೂ ನೋಡುತ್ತಿದ್ದವಳನ್ನು ಚಿಕ್ಕಂದಿನಲ್ಲಿ ಅಜ್ಜಿ ಗುಮ್ಮನಗುಸುಕಿ ಎಂದು ಕರೆದಿದ್ದಳು. ಹೆಸರು ಸವೆದು ಗುಸುಕಿ ಆಗಿತ್ತು. ಮಾತು ಮಾತ್ರ ಆಮೇಲೂ ಅಷ್ಟೇ ಇತ್ತು. ಸೋಮವಾರದ ತನಕ.

ಸೋಮವಾರ ಸಂಜೆ ನಾಲ್ಕಕ್ಕೆ, ಅಪ್ಪನ ಶೆಡ್ಡಿನಲ್ಲಿ ರಿಪೇರಿ ಮುಗಿಸಿಕೊಂಡು ಹೊರಟಿದ್ದ ಡಾಕ್ಟರಮ್ಮನ ಟರ್ಬೊ ಕಾರು ಸೇತುವೆಯ ಇಳಿಜಾರಿನಲ್ಲಿ ನಿಲ್ಲದೆ ತಡೆಗೋಡೆಗೆ ಹೊಡೆದಿತ್ತು. ಡಾಕ್ಟರಮ್ಮ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಬ್ರೇಕಿನ ವಾಲ್ವ್ ಉಲ್ಟಾ ಕೂತಿದೆ ಎಂದು ವಿಮೆಯ ಸರ್ವೇಯರ್ ಮಂಗಳವಾರ ಮಧ್ಯಾಹ್ನ ಬರೆದುಕೊಟ್ಟ. ಸಂಜೆಯ ಹೊತ್ತಿಗೆ ಅಪ್ಪ ತಾನಾಗಿಯೇ ಠಾಣೆಗೆ ನಡೆದು ಬಂದು, ಉಲ್ಟಾ ಹಾಕಿದವನು ನಾನೇ ಎಂದು ಹೇಳಿ ಕೂತುಬಿಟ್ಟ. ಇವತ್ತು ಮೂರು ಗಂಟೆಗೆ ಅವನನ್ನು ಕೋರ್ಟಿಗೆ ಒಯ್ಯುತ್ತಾರೆ.

ಈಗ ಹನ್ನೆರಡು ದಾಟಿತ್ತು.

“ಮಾತ್ರೆ ತಗೋ.” ಅವಳು ಸರಳುಗಳ ನಡುವೆ ಕೈ ತೂರಿಸಿದಳು. “ನಿನ್ನೆ ಬೆಳಿಗ್ಗೆ ಮಾತ್ರೆ ತರ್ತೀನಿ ಅಂತ ಮಫ್ಲರ್ ಸುತ್ಕೊಂಡು ಹೋದೋನು ಬರಿಗೈಲಿ ಬಂದೆ. ಅಂಗಡಿ ಬಾಗಿಲು ತೆಗೆದಿರಲಿಲ್ವಂತೆ. ಅದೂ ಸುಳ್ಳೇ ಇರಬೇಕು.”

ಅಪ್ಪ ಎಡಗೈಯಲ್ಲಿ ಮಾತ್ರೆ ಇಸಕೊಂಡ. ನೀರಿಲ್ಲದೆಯೇ ನುಂಗಿದ.

“ವಾಲ್ವ್ ಹಾಕಿದ್ದು ನಾನು,” ಎಂದಳು.

“ಮೆಲ್ಲಗೆ ಮಾತಾಡು.”

“ಇಪ್ಪತ್ತೆರಡು ವರ್ಷ ಮೆಲ್ಲಗೇ ಮಾತಾಡಿದ್ದೀನಿ. ಹಾಕಿದ್ದು ನಾನು, ಸರಿಯಾಗೇ ಹಾಕಿದ್ದೆ. ಇಂಜಿನ್ ಕಡೆಗೆ ಬಾಣ. ನೀನು ಸ್ಟೂಲ್ ಮೇಲೆ ಕೂತು ಎರಡು ಸಲ ಕೇಳ್ದೆ, ನಾನು ಎರಡು ಸಲ ತೋರಿಸ್ದೆ. ಈಗ ಉಲ್ಟಾ ಹಾಕಿದ್ದು ನಾನೇ ಅಂತ ಒಪ್ಕೊಂಡು ಕೂತ್ರೆ ಏನರ್ಥ? ನಾನು ತಪ್ಪು ಮಾಡಿರ್ತೀನಿ ಅಂತ ನೀನೂ ನಂಬಿಬಿಟ್ಯಾ?”

ಅವಳ ಕಿವಿಯ ತುದಿ ಕಾದಿತ್ತು. ಈ ಪ್ರಶ್ನೆಯೇ ರಾತ್ರಿಯೆಲ್ಲ ಅವಳನ್ನು ಕೊರೆದದ್ದು. ಕೇಸಲ್ಲ, ಕೋರ್ಟಲ್ಲ. ಅಪ್ಪನ ನಂಬಿಕೆ.

ಎಂಟು ತಿಂಗಳಿಂದ ಮನೆ ಮುಂದಿನ ಶೆಡ್ಡಿನಲ್ಲಿ ಬಾಯಿ ಅವನದು, ಕೈ ಇವಳದು. ಗಿರಾಕಿ ಒಳಗೆ ಬಂದರೆ ಅವಳು ಸ್ಪ್ಯಾನರ್ ಕೆಳಗಿಟ್ಟು ಕಸಬರಿಗೆ ಎತ್ತಿಕೊಳ್ಳುತ್ತಿದ್ದಳು. ಮೇಸ್ತ್ರಿಯ ಕೆಲಸ ಎಂದು ಊರು ಹೊಗಳಿದಾಗಲೆಲ್ಲ ಅವಳು ತಲೆ ತಗ್ಗಿಸಿ ಗುಡಿಸುತ್ತಿದ್ದಳು. ಆಗ ಕೋಪ ಬರುತ್ತಿರಲಿಲ್ಲ. ಈಗ ಎಂಟು ತಿಂಗಳದ್ದೂ ಸೇರಿ ಬಂದಿತ್ತು.

“ಆ ಬಾನೆಟ್ ಹತ್ರ ಹೋಗಬೇಡ,” ಎಂದ ಅಪ್ಪ.

“ಹೋಗ್ತೀನಿ.”

“ಹೋದ್ರೆ ನಾನು ನಿನ್ನ ಅಪ್ಪ ಅಲ್ಲ.”

ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. ಅಷ್ಟು ದೊಡ್ಡ ಮಾತನ್ನು ಅವನು ಎಂದೂ ಆಡಿದವನಲ್ಲ. ಮಗಳನ್ನು ಉಳಿಸಲು ಅಪ್ಪ ಎಲ್ಲಿಯ ತನಕ ಇಳಿಯುತ್ತಾನೆ ಎಂದುಕೊಂಡಳು. ಇನ್ನಷ್ಟು ಸಿಟ್ಟೇ ಬಂತು.

“ಆಮೇಲೆ ನೋಡೋಣ,” ಎಂದು ಹೇಳಿ ತಿರುಗಿದಳು.

*

ಠಾಣೆಯ ಹಿಂದೆ ವಶಪಡಿಸಿಕೊಂಡ ವಾಹನಗಳನ್ನು ನಿಲ್ಲಿಸುವ ಅಂಗಳ. ಒಂದು ಕಡೆ ತುಕ್ಕು ಹಿಡಿದ ಸ್ಕೂಟರುಗಳ ಸಾಲು, ಗೋಡೆಗೆ ಒರಗಿಸಿದ ಹಳೆ ಟೈರುಗಳು, ಗೇಟಿನ ಪಕ್ಕ ಕಾವಲುಗಾರ ಅಜ್ಜನ ತಗಡಿನ ಗೂಡು. ನಡುವೆ ಡಾಕ್ಟರಮ್ಮನ ಕಾರು. ಎಡಬದಿಯ ಮೂತಿ ಒಳಕ್ಕೆ ಕುಸಿದು ಬಾನೆಟ್ ಗೂನು ಬೆನ್ನಿನಂತೆ ಎದ್ದಿತ್ತು. ಬಲಬದಿ, ಚಾಲಕನ ಮುಂದಿನ ಭಾಗ, ಹೆಚ್ಚುಕಡಿಮೆ ನೆಟ್ಟಗಿತ್ತು.

ಇನ್ಸ್‌ಪೆಕ್ಟರ್ ಮೇಡಂ ಕರವಸ್ತ್ರದಲ್ಲಿ ಮೂಗು ಒತ್ತಿಕೊಂಡು ನಿಂತಿದ್ದರು. ನೆಗಡಿಗೆ ಅವರ ಕಣ್ಣೆರಡೂ ಕೆಂಪಾಗಿದ್ದವು.

“ಇಪ್ಪತ್ತು ನಿಮಿಷ ಕೊಡ್ತೀನಿ,” ಎಂದರು. “ಬೆಳಿಗ್ಗೆಯಿಂದ ನನ್ನ ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ದೀಯ, ಅದಕ್ಕೆ ಕೊಡ್ತಿರೋದು. ಫೋಟೊ ಎಲ್ಲ ತೆಗೆದಾಗಿದೆ. ನಾನು ಹೇಳಿದ್ದು ಮಾತ್ರ ಮುಟ್ಟು.”

ಡಾಕ್ಟರಮ್ಮನ ಗಂಡ ಆಗಲೇ ಬಂದಿದ್ದ. ವಕೀಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಫೋನು. ಅವನ ಹಿಂದೆ ಸರ್ವೇಯರ್, ದಪ್ಪ ಫೈಲನ್ನು ಕೂಸಿನಂತೆ ಎದೆಗೆ ಅವುಚಿಕೊಂಡಿದ್ದ.

“ಯಾರಿವಳು?” ಎಂದ ವಕೀಲ. “ಆ ಮುದುಕನ ಮಗಳಲ್ವಾ? ನನ್ನ ಹೆಂಡತಿ ಅಲ್ಲಿ ಉಸಿರಿಗೆ ಒದ್ದಾಡ್ತಿದ್ದಾಳೆ, ನೀವಿಲ್ಲಿ ಇವರ ಮನೆಯವರನ್ನೇ ಕರೆದು ಕಾರು ತೋರಿಸ್ತಿದ್ದೀರಾ? ಸಾಕ್ಷ್ಯದ ಮೇಲೆ ಇವಳು ಕೈ ಹಾಕೋ ಹಾಗಿಲ್ಲ.”

“ಇನ್ನೂ ಹಾಕಿಲ್ಲ. ಕಣ್ಣು ಹಾಕ್ತಿದ್ದಾಳೆ,” ಎಂದರು ಮೇಡಂ. “ಅದಕ್ಕೆ ಕಾನೂನಲ್ಲಿ ಅಡ್ಡಿ ಇಲ್ಲ ಅಂದ್ಕೊಂಡಿದ್ದೀನಿ. ವಕೀಲರು ನೀವು, ಇದ್ರೆ ಹೇಳಿ.”

ಗುಸುಕಿ ಬಾನೆಟ್ಟಿನ ಕೆಳಗೆ ಬಗ್ಗಿದಳು.

ಶನಿವಾರ, ಭಾನುವಾರ ಎರಡು ದಿನ ಇದೇ ಇಂಜಿನ್ನಿನ ಮೇಲೆ ಅವಳು ಬಗ್ಗಿ ನಿಂತಿದ್ದಳು. ಹಳೆ ನಿರ್ವಾತ ಪೈಪುಗಳು ಕಾವಿಗೆ ಒಣಗಿ, ಮುಟ್ಟಿದರೆ ಕಡ್ಡಿಯಂತೆ ಮುರಿಯುತ್ತಿದ್ದವು. ಒಂದನ್ನು ಬಿಚ್ಚು, ಒಂದನ್ನು ಹಾಕು, ಎರಡನ್ನು ಒಟ್ಟಿಗೆ ಬಿಚ್ಚಬೇಡ ಎಂದು ಅಪ್ಪ ಸ್ಟೂಲಿನ ಮೇಲಿಂದ ಹೇಳುತ್ತಲೇ ಇದ್ದ. ಶೆಡ್ಡಿನ ನೆಲದ ಮೇಲೆ ಹಳೆ ಹಾಸು ಹರಡಿ, ಪ್ರತಿ ಹಳೆ ಪೈಪಿನ ಪಕ್ಕ ಅದೇ ಉದ್ದದ ಹೊಸತನ್ನು ಕತ್ತರಿಸಿ ಇಟ್ಟಿದ್ದಳು. ಒಟ್ಟು ಏಳು ಪೈಪು, ಎರಡು ವಾಲ್ವ್. ಒಂದು ಟರ್ಬೊದ ಒತ್ತಡ ಹಿಡಿತದಲ್ಲಿಡುವಂಥದ್ದು. ಇನ್ನೊಂದು ಇದು, ಬ್ರೇಕಿನದು.

ಹೆಬ್ಬೆರಳು ಗಾತ್ರದ ಕಪ್ಪು ಪ್ಲಾಸ್ಟಿಕ್ ತುಂಡು. ಮೈಮೇಲೆ ಸಣ್ಣ ಬಾಣ. ಆ ಬಾಣ ಈಗ ಪೆಡಲನ್ನು ಹಗುರ ಮಾಡುವ ಬ್ರೇಕಿನ ಡಬ್ಬಿಯ ಕಡೆ ನೋಡುತ್ತಿತ್ತು. ಉಲ್ಟಾ.

ಸರ್ವೇಯರ್ ಬರೆದದ್ದರಲ್ಲಿ ಸುಳ್ಳಿರಲಿಲ್ಲ. ಅವಳು ಕಣ್ಣನ್ನು ಇನ್ನಷ್ಟು ಹತ್ತಿರ ಒಯ್ದಳು.

ಪೈಪನ್ನು ಬಿಗಿಯುವ ಕ್ಲಿಪ್ಪಿನ ಸ್ಕ್ರೂ ತಲೆಯ ಸುತ್ತ ಗೀರುಗಳಿದ್ದವು. ಒಂದು, ಎರಡು, ನಾಲ್ಕು, ಏಳು. ಸ್ಕ್ರೂಡ್ರೈವರ್ ಜಾರಿ, ಮತ್ತೆ ಜಾರಿ, ಹೊಸ ಲೋಹವನ್ನು ಕೆತ್ತಿಹಾಕಿತ್ತು. ಅವಳು ಭಾನುವಾರ ಬಿಗಿದಾಗ ಅದು ಕನ್ನಡಿಯಂತಿತ್ತು.

“ಮೇಡಂ, ಈ ಕ್ಲಿಪ್ ಬಿಚ್ಚಬಹುದಾ?”

“ಬಿಚ್ಚು.”

ಬಿಚ್ಚಿ, ಪೈಪಿನ ಬಾಯೊಳಗೆ ಬೆರಳು ಆಡಿಸಿದಳು. ಒಣಗಿತ್ತು. ಎಣ್ಣೆ ಇಲ್ಲ, ಗ್ರೀಸ್ ಇಲ್ಲ, ರಬ್ಬರಿನ ಅಂಚು ಎಲ್ಲೂ ತರಚಿರಲಿಲ್ಲ. ಅದನ್ನೂ ಅವಳು ಕಂಡಳು. ಆದರೆ ಆ ಹೊತ್ತಿಗೆ ಅವಳಿಗೆ ಬೇಕಾಗಿದ್ದದ್ದು ಗೀರುಗಳು; ಮನಸ್ಸು ಅದನ್ನೇ ಕಚ್ಚಿ ಹಿಡಿಯಿತು.

ಅವಳು ನೆಟ್ಟಗೆ ನಿಂತಳು. ನಾಲ್ಕು ಜನರ ಮುಂದೆ ಇಷ್ಟು ಉದ್ದ ಅವಳು ಎಂದೂ ಮಾತಾಡಿದವಳಲ್ಲ.

“ಈ ವಾಲ್ವ್ ಹಾಕಿದ್ದು ನಾನು,” ಎಂದಳು. “ಅಪ್ಪ ಅಲ್ಲ. ಅವನ ಕೈ ನಡುಗುತ್ತೆ. ಎಂಟು ತಿಂಗಳಿಂದ ಶೆಡ್ಡಲ್ಲಿ ಎಲ್ಲ ಕೆಲಸ ನಾನೇ ಮಾಡೋದು.”

ಹಿಂದಿನ ಕಿಟಕಿಯಲ್ಲಿ ಬೆಂಚು ಕಿರುಗುಟ್ಟಿತು. ಅವಳು ತಿರುಗಲಿಲ್ಲ.

ವಕೀಲ ನಕ್ಕ. ಹಲ್ಲು ಮಾತ್ರ ಕಂಡ ನಗು. “ಕೇಳಿದ್ರಾ? ನನ್ನ ಹೆಂಡತಿ ಪ್ರಾಣಾನ ಒಬ್ಬ ಹುಡುಗಿ ಕೈಗೆ ಕೊಟ್ಟಿದ್ದ ಆ ಮುದುಕ. ಏನು ಓದಿದ್ದೀಯ ನೀನು?”

“ಎಂಟನೇ ಕ್ಲಾಸು.”

“ಎಂಟನೇ ಕ್ಲಾಸು,” ಎಂದು ಅವನು ಮೇಡಂ ಕಡೆ ನೋಡಿದ, ಇನ್ನೇನು ಹೇಳುವುದಿದೆ ಎಂಬಂತೆ.

ಗುಸುಕಿ ಜೇಬಿನಿಂದ ಹಳೆ ವಾಲ್ವ್ ತೆಗೆದಳು. ಭಾನುವಾರ ಬಿಚ್ಚಿದ್ದು, ಸೋಪಿನಲ್ಲಿ ತೊಳೆದು ತಂದಿದ್ದಳು. “ಮೇಡಂ, ಈ ಕಡೆಯಿಂದ ಊದಿ.”

“ನೆಗಡಿ ಇದೆಯಮ್ಮ ನನಗೆ.”

“ಬಾಯಲ್ಲಿ ಊದಿದ್ರೆ ಸಾಕು.”

ಮೇಡಂ ಊದಿದರು. ಗಾಳಿ ಸರಾಗವಾಗಿ ಹೋಯಿತು. ತಿರುಗಿಸಿ ಊದಿದರು. ಕೆನ್ನೆ ಉಬ್ಬಿತೇ ಹೊರತು ಗಾಳಿ ಹೋಗಲಿಲ್ಲ.

“ಸಾದಾ ಇಂಜಿನ್ ಗಾಳಿ ಎಳ್ಕೊಳ್ಳುತ್ತೆ ಅಷ್ಟೆ,” ಎಂದಳು ಗುಸುಕಿ. “ಟರ್ಬೊ ಇರೋದು ಎಳೆಯುತ್ತೆ, ಜೋರಾಗಿ ಹೋದಾಗ ಊದುತ್ತೆ ಕೂಡ. ಆ ಊದು ಬ್ರೇಕಿನ ಡಬ್ಬಿಗೆ ಹೋಗಬಾರದು ಅಂತ ಇದನ್ನ ಇಟ್ಟಿರೋದು. ಡಬ್ಬಿಯಿಂದ ಗಾಳಿ ಎಳ್ಕೊಂಡ್ರೆ ಮಾತ್ರ ಪೆಡಲ್ ಮೆತ್ತಗಿರುತ್ತೆ. ಇದನ್ನ ಉಲ್ಟಾ ಹಾಕಿದ್ರೆ ಡಬ್ಬಿ ಸತ್ತ ಹಾಗೆ. ಪೆಡಲ್ ಕಲ್ಲು.”

“ಅದನ್ನೇ ನಾನು ಬರೆದಿರೋದು,” ಎಂದ ಸರ್ವೇಯರ್, ಫೈಲು ತಟ್ಟಿ. “ಪೆಡಲ್ ಗಟ್ಟಿ, ಬ್ರೇಕ್ ಹಿಡಿದಿಲ್ಲ, ಅಪಘಾತ.”

“ಎಲ್ಲಿಂದ ಗಟ್ಟಿ ಸಾರ್?”

“ಅಂದ್ರೆ?”

“ಸೇತುವೆ ಮೇಲೆ ಬಂದ ಮೇಲೆ ಗಟ್ಟಿ ಆಯ್ತಾ, ಇಲ್ಲಾ ನಮ್ಮನೆ ಬಾಗಿಲಿಂದಾನೇ ಗಟ್ಟಿ ಇತ್ತಾ?”

ಸರ್ವೇಯರ್ ಮೇಡಂ ಕಡೆ ನೋಡಿದ. ಮೇಡಂ ಅವನ ಕಡೆಯೇ ನೋಡುತ್ತಿದ್ದರು.

“ಉಲ್ಟಾ ವಾಲ್ವ್ ದಾರೀಲಿ ಉಲ್ಟಾ ಆಗಲ್ಲ,” ಎಂದಳು ಗುಸುಕಿ. ಮಾತು ಈಗ ತಾನಾಗಿಯೇ ಬರುತ್ತಿತ್ತು. “ಹಾಕಿದ ಗಳಿಗೆಯಿಂದಾನೇ ಪೆಡಲ್ ಕಲ್ಲು. ನಮ್ಮ ಮನೆಯಿಂದ ಸೇತುವೆಗೆ ಆರು ಕಿಲೋಮೀಟರ್. ಇವತ್ತು ಬೆಳಿಗ್ಗೆ ನಡ್ಕೊಂಡು ಹೋಗಿ ಎಣಿಸಿದ್ದೀನಿ, ಹನ್ನೊಂದು ಹಂಪು, ಎರಡು ಸಿಗ್ನಲ್ಲು, ಒಂದು ರೈಲ್ವೆ ಗೇಟು. ಡಾಕ್ಟರಮ್ಮನ ಬಲಗಾಲು ಮಂಡಿ ಆಪರೇಷನ್ ಆಗಿರೋ ಕಾಲು. ಅಷ್ಟೂ ಕಡೆ ನಿಲ್ಲಿಸಿದ್ದಾರೆ.”

“ಪೆಟ್ರೋಲ್ ಬಂಕಿನ ಕ್ಯಾಮರಾದಲ್ಲಿ ಇದೆ,” ಎಂದರು ಮೇಡಂ ನಿಧಾನವಾಗಿ. “ಗೆರೆ ಮೇಲೆ ಕರೆಕ್ಟಾಗಿ ನಿಲ್ಲಿಸಿದ್ದಾರೆ. ಸೇತುವೆಗಿಂತ ಹತ್ತು ನಿಮಿಷ ಮುಂಚೆ.”

“ಮತ್ತೆ ಕಾರು ಕೊಡೋ ಮುಂಚೆ ನಾವು ಗಿರಾಕೀನೇ ಕೂರಿಸ್ತೀವಿ. ಪೆಡಲ್ ಒತ್ತಿ ಹಿಡಿದು ಸ್ಟಾರ್ಟ್ ಮಾಡಬೇಕು. ಎಲ್ಲ ಸರಿ ಇದ್ರೆ ಕಾಲು ತಾನಾಗೇ ಒಂದಿಷ್ಟು ಇಳಿಯುತ್ತೆ. ಡಾಕ್ಟರಮ್ಮ ಸೋಮವಾರ ಮಧ್ಯಾಹ್ನ ಒತ್ತಿ ಹಿಡಿದು, ‘ಇಳೀತು ಕಣೇ’ ಅಂತ ನಕ್ರು.”

ಆ ನಗು ಅವಳ ಕಣ್ಣ ಮುಂದೆ ಬಂತು. ಕಸಬರಿಗೆ ಹಿಡಿದು ನಿಂತಿದ್ದವಳ ಕೈಯ ಕಪ್ಪು ಮಸಿ ನೋಡಿ ಡಾಕ್ಟರಮ್ಮ ಹುಬ್ಬೇರಿಸಿದ್ದರು. ‘ಕೆಲಸ ಯಾರದು ಅಂತ ನನಗೆ ಗೊತ್ತು ಬಿಡು’ ಎಂದಿದ್ದರು. ಊರಿನಲ್ಲಿ ಅದನ್ನು ಕಂಡುಹಿಡಿದವರು ಅವರೊಬ್ಬರೇ.

“ಕಥೆ,” ಎಂದ ವಕೀಲ. “ಕಷ್ಟಪಟ್ಟು ಒತ್ತಿ ಒತ್ತಿ ಓಡಿಸಿರ್ತಾಳೆ. ಇಳಿಜಾರಲ್ಲಿ ಆಗಲಿಲ್ಲ. ಕಾಮನ್ ಸೆನ್ಸ್.”

ಗುಸುಕಿಯ ಪಿತ್ತ ನೆತ್ತಿಗೇರಿತು. ಅಂಗಳದ ಆಚೆ ಬದಿಯಲ್ಲಿ ಸರ್ವೇಯರನ ಕಾರು ನಿಂತಿತ್ತು. ಅದೇ ಕಂಪನಿ, ಅದೇ ಟರ್ಬೊ ಇಂಜಿನ್. ಸೀಟಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ.

“ಸಾರ್, ನಿಮ್ಮ ಕೀ ಕೊಡಿ.”

“ಯಾಕೆ?”

“ನಿಮ್ಮ ಕಾರಿನ ವಾಲ್ವ್ ತಿರುಗಿಸಿ ಹಾಕ್ತೀನಿ. ಹನ್ನೊಂದು ಹಂಪು ಬೇಡ. ಆ ಗೋಡೆ ತನಕ ಓಡಿಸಿ, ನಿಲ್ಲಿಸಿ.”

“ವಾರಂಟಿ ಹೋಗುತ್ತಮ್ಮ, ಹೊಸ ಗಾಡಿ!”

“ಈ ಸ್ಥಿತೀಲಿ ಕಾರು ಆರು ಕಿಲೋಮೀಟರ್ ಓಡಿದೆ ಅಂತ ಬರೆದು ಸೈನ್ ಹಾಕಿದ್ದೀರಿ,” ಎಂದರು ಮೇಡಂ. “ನೀವು ಅರವತ್ತು ಅಡಿ ಓಡಿಸೋಕೆ ಹೆದರಿದ್ರೆ ಹೇಗೆ? ಕೊಡಿ ಕೀ.”

*

ಕ್ಲಿಪ್ಪನ್ನು ಇಕ್ಕಳದಲ್ಲಿ ಅದುಮಿ ಹಿಂದಕ್ಕೆ ಸರಿಸಿ ಪೈಪು ಎಳೆದಾಗ ಡಬ್ಬಿ ಉಸ್ಸೆಂದು ನಿಟ್ಟುಸಿರು ಬಿಟ್ಟಿತು. ಸರ್ವೇಯರ್ ತನ್ನದೇ ಉಸಿರು ಹೋದವನಂತೆ ಎದೆ ಮುಟ್ಟಿಕೊಂಡ.

ವಾಲ್ವ್ ತಿರುಗಿಸಿದಳು. ಗಟ್ಟಿ ರಬ್ಬರು, ಹಾಗೇ ಒಳಗೆ ಹೋಗುವಂತಿರಲಿಲ್ಲ.

“ಒಂದಿಷ್ಟು ಗ್ರೀಸ್ ಸವರಿ ತಳ್ಳಮ್ಮ,” ಎಂದ ಸರ್ವೇಯರ್. “ಎಲ್ಲರೂ ಹಾಗೇ ಮಾಡೋದು.”

“ಎಲ್ಲರೂ ಮಾಡ್ತಾರೆ. ಗ್ರೀಸ್ ಸವರಿದ್ರೆ ರಬ್ಬರು ಒಳಗಿಂದ ಕೊಳೆಯುತ್ತೆ. ಊರಲ್ಲಿ ಯಾವ ಮೆಕ್ಯಾನಿಕ್ಕಿಗೂ ಆ ತಾಳ್ಮೆ ಇಲ್ಲ, ನಮ್ಮ ಮನೇಲಿ ಮಾತ್ರ ಇದೆ.” ಅವಳು ಗೇಟಿನ ಕಡೆ ಕೂಗಿದಳು. “ಅಜ್ಜ, ಒಂದು ಲೋಟ ಬಿಸಿನೀರು ಇದ್ರೆ ಕೊಡ್ತೀರಾ?”

ಕಾವಲುಗಾರ ಅಜ್ಜ ಗೂಡಿನಿಂದ ಸ್ಟೀಲ್ ಲೋಟ ಹಿಡಿದು ಬಂದ. ದಪ್ಪ ಗಾಜಿನ ಕನ್ನಡಕ, ಒಂದು ಕಡ್ಡಿಗೆ ದಾರ ಕಟ್ಟಿತ್ತು. “ನಿಧಾನ ತಂಗಿ, ಕೆಟಲಿಂದ ಈಗ ಇಳಿಸಿದ್ದು,” ಎಂದು ಕೊಟ್ಟು, ಹೋಗದೆ ಅಲ್ಲೇ ನೋಡುತ್ತ ನಿಂತ.

ಪೈಪಿನ ತುದಿಯನ್ನು ನೀರಿನಲ್ಲಿ ಅದ್ದಿ, ಇಪ್ಪತ್ತು ಎಣಿಸಿ, ಒರೆಸಿ, ಒಂದೇ ಸಲಕ್ಕೆ ಕೂರಿಸಿದಳು. ಕ್ಲಿಪ್ ಮೊದಲಿದ್ದ ಗುರುತಿಗೇ ಬಂತು. ಮೂರು ಹಳೆ ಟೈರು ಉರುಳಿಸಿ ಗೋಡೆಯ ಮುಂದೆ ಒರಗಿಸಿದಳು.

ಸರ್ವೇಯರ್ ಹತ್ತಿ ಕೂತ. ಕಾರು ನಿಧಾನವಾಗಿ ಹೊರಟಿತು. ಅರ್ಧ ಅಂಗಳ ದಾಟಿ ಅವನು ಬ್ರೇಕ್ ಒತ್ತಿದ್ದು ಅವನ ಭುಜದಲ್ಲಿ ಕಂಡಿತು. ಕಾರಿಗೆ ಅದು ತಿಳಿಯಲಿಲ್ಲ. ಅವನು ಸೀಟಿನಿಂದ ಮೇಲೆದ್ದು ಎರಡೂ ಕಾಲು ಊರಿದ. ಕಾರು ಟೈರುಗಳಿಗೆ ಮೆತ್ತಗೆ ಮೂತಿ ಒತ್ತಿ ನಿಂತಿತು. ಗಾಬರಿಯಲ್ಲಿ ಅವನ ಮೊಣಕೈ ಹಾರ್ನಿನ ಮೇಲೆ ಬಿದ್ದು, ಅದೊಂದು ಮಾತ್ರ ಜೋರಾಗಿ ಕೂಗಿತು.

ಇಳಿದವನ ಹಣೆಯಲ್ಲಿ ಬೆವರು. “ಕಲ್ಲಿನ ಮೇಲೆ ನಿಂತ ಹಾಗಿದೆ ಮೇಡಂ,” ಎಂದ. ಫೈಲನ್ನು ಈಗ ಎದೆಗೆ ಅವುಚಿಕೊಂಡಿರಲಿಲ್ಲ, ಕೆಳಗೆ ಇಳಿಬಿಟ್ಟಿದ್ದ. “ಹೀಗಿದ್ರೆ ಯಾರೂ ಮೊದಲ ತಿರುವೂ ದಾಟೋದಿಲ್ಲ. ನನ್ನ ರಿಪೋರ್ಟನ್ನ ನಾನು... ಒಂದು ಸಲ ಮತ್ತೆ ನೋಡಬೇಕಾಗುತ್ತೆ.”

“ನೋಡಿ,” ಎಂದರು ಮೇಡಂ. ಅವರು ಸಣ್ಣ ಪುಸ್ತಕ ತೆಗೆದು ಬರೆಯತೊಡಗಿದ್ದರು. “ಅಂದ್ರೆ ಡಾಕ್ಟರು ಓಡಿಸ್ತಿದ್ದಾಗ ವಾಲ್ವ್ ಸರಿಯಾಗೇ ಇತ್ತು. ಕಾರು ಇಲ್ಲಿಗೆ ಬಂದ ಮೇಲೆ ಯಾರೋ ತಿರುಗಿಸಿದ್ದಾರೆ. ಹಾಗಾದ್ರೆ ಸೇತುವೆ ಮೇಲೆ ಕಾರು ಯಾಕೆ ನಿಲ್ಲಲಿಲ್ಲ?”

“ನನಗೆ ಗೊತ್ತಿಲ್ಲ. ತಿರುಗಿಸಿದವನಿಗೆ ಗೊತ್ತಿರುತ್ತೆ. ಮುಚ್ಚಿಡೋಕೆ ಏನೂ ಇಲ್ಲದಿದ್ರೆ ಯಾಕೆ ತಿರುಗಿಸ್ತಾನೆ?”

“ಸರಿ ಹೇಳ್ದೆ. ಅವನು ಸಿಕ್ಕಿದ್ರೆ ಇದು ನಿರ್ಲಕ್ಷ್ಯದ ಕೇಸಾಗಿ ಉಳಿಯಲ್ಲ. ಕೊಲೆ ಯತ್ನ.”

ಗುಸುಕಿ ವಕೀಲನ ಕಡೆಗೆ ತಿರುಗಿದಳು. ಜೀವಮಾನದಲ್ಲಿ ಮೊದಲ ಸಲ ಒಬ್ಬ ಅಪರಿಚಿತನ ಕಣ್ಣಲ್ಲಿ ಕಣ್ಣಿಟ್ಟು ನಿಂತಳು.

“ಆ ಕ್ಲಿಪ್ಪಿನ ಮೇಲೆ ಏಳು ಗೀರಿದೆ ಮೇಡಂ. ಕೆಲಸ ಬಲ್ಲವರ ಕೈ ಏಳು ಸಲ ಜಾರಲ್ಲ. ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸ ಇಲ್ಲದ ಕೈ. ಇಸ್ತ್ರಿ ಅಂಗಿ ಹಾಕ್ಕೊಳ್ಳೋ ಕೈ.”

“ಏಯ್!” ವಕೀಲ ಒಂದು ಹೆಜ್ಜೆ ಮುಂದೆ ಬಂದ. “ನಾಲಿಗೆ ಬಿಗಿ ಹಿಡಿ. ಮಾನನಷ್ಟದ ಕೇಸ್ ಹಾಕಿದ್ರೆ ನಿನ್ನ ಶೆಡ್ಡೂ ಇರಲ್ಲ, ಸ್ಟೂಲೂ ಇರಲ್ಲ. ಈ ಅಂಗಳಕ್ಕೆ ನಾನು ಕಾಲಿಡ್ತಿರೋದು ಇವತ್ತೇ ಮೊದಲು.”

ಅಜ್ಜ ಲೋಟ ವಾಪಸ್ ಒಯ್ಯಲು ಹತ್ತಿರ ಬಂದಿದ್ದ; ಕೊಡಲೆಂದು ಗುಸುಕಿ ಅದನ್ನು ಕೈಗೆತ್ತಿಕೊಂಡಿದ್ದಳು. ಅವನು ಕನ್ನಡಕ ಮೇಲೆ ತಳ್ಳಿ ವಕೀಲನನ್ನು ನೋಡಿದ.

“ಅಮ್ಮಾವ್ರ ಬ್ಯಾಗು ಸಿಕ್ತಾ ಸಾರ್?”

ವಕೀಲ ಒಂದು ಹೆಜ್ಜೆ ಹಿಂದೆ ಸರಿದ.

“ನಿನ್ನೆ ಬೆಳಿಗ್ಗೆ ಕಾರಲ್ಲಿದೆ ಅಂತ ಹುಡುಕೋಕೆ ಬಂದಿದ್ರಲ್ಲ,” ಎಂದ ಅಜ್ಜ, ತಾನೇನು ತಪ್ಪು ಹೇಳಿದೆ ಎಂದು ತಿಳಿಯದೆ. “ಏಳೂವರೆ ಇರಬೇಕು. ಪಾಪ, ಹೆಂಡತಿ ಆಸ್ಪತ್ರೇಲಿ ಅಂತ ನಾನೇ ಗೇಟು ತೆಗೆದೆ.”

ವಕೀಲನ ಮುಖದಿಂದ ರಕ್ತ ಇಳಿದುಹೋಯಿತು.

ಗುಸುಕಿಗೆ ಎದೆಯೊಳಗೆ ಏನೋ ಬಿಚ್ಚಿಕೊಂಡಂತೆನಿಸಿತು. ಈಗ ಕಿಟಕಿಯ ಕಡೆ ತಿರುಗಿ, ನೋಡಿದ್ಯಾ, ನಾನು ತಪ್ಪು ಮಾಡಿರಲಿಲ್ಲ ಎಂದು ಕೂಗಬೇಕು. ಮೂರು ಗಂಟೆಗೆ ಅಪ್ಪ ಕೋರ್ಟಿಗಲ್ಲ, ಮನೆಗೆ ಬರುತ್ತಾನೆ. ಆಮೇಲೆ ಒಂದು ವಾರ ಅವನ ಜೊತೆ ಮಾತು ಬಿಡಬೇಕು.

“ಎಷ್ಟು ಹೊತ್ತಿದ್ರು?” ಎಂದು ಕೇಳಿದರು ಮೇಡಂ.

“ಹತ್ತು ನಿಮಿಷ.”

“ಬಾನೆಟ್ ತೆಗೆದ್ರಾ?”

“ಇವರಾ? ಇಲ್ಲ ಮೇಡಂ. ಇವರು ಕಾರಿನ ಹತ್ರಾನೂ ಹೋಗ್ಲಿಲ್ಲ. ಫೋನಲ್ಲಿ ಮಾತಾಡ್ತಾ ಗೇಟಿನ ಹತ್ರಾನೇ ನಿಂತಿದ್ರು.”

ಮೇಡಂ ತ‌ಲೆ ಎತ್ತಿದರು. “ಮತ್ತೆ ತೆಗೆದದ್ದು ಯಾರು?”

“ಇವರ ಕಾರಲ್ಲೇ ಜೊತೇಲಿ ಬಂದ್ರಲ್ಲ, ಅವರು. ಬ್ಯಾಗು ಆ ಕಡೆ ಸಿಕ್ಕಿಹಾಕ್ಕೊಂಡಿದೆ, ಬಾನೆಟ್ ಎತ್ತಿ ನೋಡಬೇಕು ಅಂದ್ರು. ಮುಖ ಸರಿಯಾಗಿ ಕಾಣಲಿಲ್ಲ. ಮಫ್ಲರ್ ಸುತ್ಕೊಂಡಿದ್ರು.”

ಗುಸುಕಿಯ ಕೈಯಲ್ಲಿದ್ದ ಲೋಟ ಇದ್ದಕ್ಕಿದ್ದಂತೆ ಭಾರವಾಯಿತು.

ಏಳು ಗೀರು. ತರಚದ ರಬ್ಬರು. ಎಣ್ಣೆಯಿಲ್ಲದ, ಒಣಗಿದ ಪೈಪಿನ ಬಾಯಿ. ಕೆಲಸ ಬಲ್ಲ ಕೈಯೇ. ಕೆಲಸ ಬಾರದ್ದರಿಂದಲ್ಲ, ಬೇರೆ ಕಾರಣಕ್ಕೆ ಏಳು ಸಲ ಜಾರಿದ ಕೈ.

ಬೇಡ ಅಜ್ಜ, ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಇನ್ನೇನೂ ಹೇಳಬೇಡ.

ಅಜ್ಜ ಯೋಚಿಸುತ್ತಿದ್ದ. ಸಹಾಯ ಮಾಡುವ ಆಸೆ ಅವನ ಮುಖದ ತುಂಬ ಇತ್ತು.

“ಒಂದು ನೆನಪಿದೆ ಮೇಡಂ. ಅವರು ನನ್ನ ಹತ್ರ ಬಿಸಿನೀರು ಕೇಳಿದ್ರು. ಇದೇ ಲೋಟ. ಬೆಳಗಿನ ಚಳಿಗೆ ಕುಡೀತಾರೇನೋ ಅಂದ್ಕೊಂಡು ಕೊಟ್ಟೆ. ಒಂದು ಗುಟುಕೂ ಕುಡೀಲಿಲ್ಲ.” ಅವನು ಗುಸುಕಿಯ ಕಡೆ ತಿರುಗಿ ನಕ್ಕ. “ಈ ತಂಗಿ ಈಗ ಮಾಡಿದ್ಲಲ್ಲ, ಹಾಗೇನೇ.”

ಮೇಡಂ ಕೈಯ ಪೆನ್ನು ನಿಂತಿತು. ಅವರು ಮೊದಲು ಲೋಟ ನೋಡಿದರು. ಆಮೇಲೆ ಗುಸುಕಿಯ ಮುಖ ನೋಡಿದರು.

ಹಿಂದೆ ಕಿಟಕಿಯಲ್ಲಿ ಅಪ್ಪ ಎದ್ದು ನಿಂತು ಸರಳು ಹಿಡಿದಿರಬೇಕು. ಉಗುರು ಕಬ್ಬಿಣಕ್ಕೆ ತಾಗುವ ಸಣ್ಣ ಸದ್ದು, ನಿಲ್ಲದೆ, ನಿಲ್ಲದೆ, ಅಂಗಳದ ತನಕ ಕೇಳಿಸುತ್ತಿತ್ತು.

“ಊರಲ್ಲಿ ಬೇರೆ ಯಾವ ಮೆಕ್ಯಾನಿಕ್ಕೂ ಹೀಗೆ ಮಾಡಲ್ಲ, ನಮ್ಮ ಮನೇಲಿ ಮಾತ್ರ ಅಂದ್ಯಲ್ಲಮ್ಮ,” ಎಂದರು ಇನ್ಸ್‌ಪೆಕ್ಟರ್ ಮೇಡಂ, ಮೆಲ್ಲಗೆ. “ನಿಮ್ಮ ಮನೇಲಿ ಎಷ್ಟು ಜನ?”